ಹುಟ್ಟುಹಬ್ಬ ಹಾಡಿನದೋ, ಹಾಡಿದವರದೋ?

ನಾನಿರುವ ಇಂಗ್ಲೆಂಡಿನಲ್ಲಿ ಒಂದು ರಾಕ್ ಆಲ್ಬಮ್ಮಿಗೆ ಐವತ್ತು ತುಂಬುತ್ತಿದೆ ಎಂದರೆ ಮೊದಲು ಉಗ್ರಾಣದ ಬಾಗಿಲು ತೆಗೆಯುತ್ತಾರೆ, ಮೂಲ ಮುದ್ರಣದ ಟೇಪು ಹೊರಗೆ ಬರುತ್ತದೆ. ನಮ್ಮ ಕಡೆ ಹಳೆಯ ಚಿತ್ರಗೀತೆಗಳಿಗೆ ಐವತ್ತು ತುಂಬಿದರೆ ಸಭಾಂಗಣ ಗೊತ್ತು ಮಾಡುತ್ತೇವೆ, ಆರ್ಕೆಸ್ಟ್ರಾ ಕರೆಸುತ್ತೇವೆ, ಗಾಯಕರಿಗೆ ಶಾಲು ಹೊದಿಸಿ ಹಾರ ಹಾಕುತ್ತೇವೆ. ಎರಡೂ ಪ್ರೀತಿಯೇ. ಆದರೆ ಇಲ್ಲಿಯವರ ಪ್ರೀತಿ ಕೃತಿಯ ಮೇಲೆ, ನಮ್ಮದು ವ್ಯಕ್ತಿಯ ಮೇಲೆ. ಸನ್ಮಾನದಿಂದ ಒಂದು ಸಂಜೆ ತುಂಬುತ್ತದೆ, ಮಾರನೆಯ ದಿನ ಧ್ವನಿಮುದ್ರಣ ಮಾತ್ರ ಇದ್ದಲ್ಲೇ ಇನ್ನಷ್ಟು ಹಳತಾಗುತ್ತದೆ. ಈ ಒಂದು ವಿಷಯದಲ್ಲಿ ನಾವು ಇವರಿಂದ ಕಲಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಅದರ ಕೆಲಸ ನಡೆದಾಗ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಇದ್ದದ್ದು ನಾಲ್ಕೇ ಟ್ರ್ಯಾಕಿನ, ಅಂದರೆ ನಾಲ್ಕು ಧ್ವನಿಗಳನ್ನಷ್ಟೇ ಬೇರೆಬೇರೆಯಾಗಿ ಹಿಡಿಯುವ ಯಂತ್ರ, ಸ್ಟೂಡರ್ ಕಂಪನಿಯ ಜೆ37. ಟೇಪಿನ ಅಗಲ ಒಂದು ಇಂಚು. ಡ್ರಮ್ಸ್, ಬಾಸ್, ಗಿಟಾರ್, ಪಿಯಾನೋ ಸೇರಿ ನಾಲ್ಕೂ ಟ್ರ್ಯಾಕು ತುಂಬಿದ ಮೇಲೆ ಹಾಡುವವರಿಗೆ ಜಾಗವಿರುತ್ತಿರಲಿಲ್ಲ. ಆಗ ಆ ನಾಲ್ಕನ್ನೂ ಬೆರೆಸಿ ಇನ್ನೊಂದು ಯಂತ್ರದ ಟೇಪಿನ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಹಾಡನ್ನೂ ತಂತಿವಾದ್ಯಗಳನ್ನೂ ಸೇರಿಸುತ್ತಿದ್ದರು. ಹೀಗೆ ಇಳಿಸಿದಾಗಲೆಲ್ಲ ಟೇಪಿನ ಸುಯ್ ಶಬ್ದ ಏರುತ್ತದೆ, ತಾಳವಾದ್ಯದ ಮೊನಚು ಮೊಂಡಾಗುತ್ತದೆ. ಇಳಿಸುವಾಗ ಬಾಸ್ ಸ್ವಲ್ಪ ಕಡಿಮೆಯಾಯಿತು ಎಂದು ಆಮೇಲೆ ಅನ್ನಿಸಿದರೂ ಸರಿಪಡಿಸುವಂತಿರಲಿಲ್ಲ. 1967ರ ಫೆಬ್ರವರಿ 10ರಂದು 40 ವಾದ್ಯಗಾರರನ್ನು ಕೂರಿಸಿ ಆಲ್ಬಮ್ಮಿನ ಕೊನೆಯ ಹಾಡಿಗೆ ಧ್ವನಿ ಸೇರಿಸುವಾಗ ನಾಲ್ಕು ಟ್ರ್ಯಾಕು ಯಾವ ರೀತಿಯಲ್ಲೂ ಸಾಲಲಿಲ್ಲ. ತಂತ್ರಜ್ಞ ಕೆನ್ ಟೌನ್ಸೆಂಡ್ ಒಂದು ಟ್ರ್ಯಾಕಿನಲ್ಲಿ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ನಾದ ಮುದ್ರಿಸಿ, ಅದರಿಂದಲೇ ಎರಡನೆಯ ಯಂತ್ರದ ಮೋಟಾರು ಓಡುವಂತೆ ಮಾಡಿ ಎರಡನ್ನೂ ಜೊತೆಗೆ ನಡೆಸಿದರು.

ಬೆರೆಸುವ ಮೊದಲಿನ ಆ ಟೇಪುಗಳನ್ನು ಸ್ಟುಡಿಯೋದವರು ಎಸೆಯಲಿಲ್ಲ. ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ಆಲ್ಬಮ್ಮಿನ ನಿರ್ಮಾಪಕ ಜಾರ್ಜ್ ಮಾರ್ಟಿನ್. ಅವರ ಮಗ ಜೈಲ್ಸ್ ಮಾರ್ಟಿನ್ ಮತ್ತು ಎಂಜಿನಿಯರ್ ಸ್ಯಾಮ್ ಒಕೆಲ್ ಐವತ್ತು ತುಂಬಿದ 2017ರ ಆವೃತ್ತಿಗಾಗಿ ಆ ಮೊದಲ ತಲೆಮಾರಿನ ಟೇಪುಗಳಿಗೆ ಹಿಂತಿರುಗಿದರು. ಅವನ್ನು ಡಿಜಿಟಲ್ ರೂಪಕ್ಕೆ ತಂದು ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಹೊಂದಿಸಿದರು. ಹೊಂದಿಸುವುದು ಸುಲಭವಲ್ಲ. ಅಂದಿನ ಎರಡು ಯಂತ್ರಗಳ ವೇಗ ಕೂದಲೆಳೆಯಷ್ಟು ಬೇರೆಯಿದ್ದರೂ ಒಂದು ನಿಮಿಷ ಕಳೆಯುವಷ್ಟರಲ್ಲಿ ತಾಳ ಜಾರುತ್ತದೆ.

ವೇಗದ್ದೇ ಇನ್ನೊಂದು ತೊಡಕು. ಆ ಕಾಲಕ್ಕೆ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಮೋನೋ, ಅಂದರೆ ಎಲ್ಲ ಧ್ವನಿಯೂ ಒಂದೇ ದಾರಿಯಲ್ಲಿ ಬರುವ ಪ್ಲೇಯರು. ತಂಡದವರು ಖುದ್ದಾಗಿ ಕೂತು ಒಪ್ಪಿದ್ದು ಮೋನೋ ಮಿಶ್ರಣವನ್ನು; ಎಡ-ಬಲ ಬೇರೆಯಾಗಿ ಕೇಳುವ ಸ್ಟೀರಿಯೋ ಮಿಶ್ರಣ ಅವರಿಲ್ಲದೆ ಬೇಗಬೇಗ ಮುಗಿಯಿತು. 'ಶೀ ಈಸ್ ಲೀವಿಂಗ್ ಹೋಮ್' ಹಾಡು ಮೋನೋದಲ್ಲಿ ವೇಗವಾಗಿ, ಸುಮಾರು ಅರ್ಧ ಸ್ವರ ಮೇಲಿದೆ. ಸ್ಟೀರಿಯೋದಲ್ಲಿ ಅದೇ ಹಾಡು ನಿಧಾನ. ಮುಂದೆ ಸ್ಟೀರಿಯೋ ಹರಡಿದ್ದರಿಂದ ಎರಡು ತಲೆಮಾರು ಕೇಳಿಕೊಂಡು ಬಂದದ್ದು ನಿಧಾನದ ರೂಪವನ್ನೇ. 2017ರಲ್ಲಿ ಮೋನೋ ವೇಗವನ್ನೇ ಪ್ರಮಾಣವಾಗಿ ಹಿಡಿದರು. ಐವತ್ತನೆಯ ವರ್ಷ ಬಾರದಿದ್ದರೆ ಈ ತಿದ್ದುಪಡಿಗೆ ಯಾರೂ ಹಣ ಹಾಕುತ್ತಿರಲಿಲ್ಲ. ವಾರ್ಷಿಕೋತ್ಸವದ ನಿಜವಾದ ಉಪಯೋಗ ಇಂಥದ್ದು.

ಟೇಪು ಉಳಿದಿದ್ದರೆ ಸಾಲದು, ಓಡಬೇಕು. 1970ರ ದಶಕದ ನಡುವಿನಿಂದ 80ರ ದಶಕದವರೆಗಿನ ಕೆಲವು ಅಮೆರಿಕನ್ ಟೇಪುಗಳಲ್ಲಿ ಲೇಪನ ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಕಿರ್ರೆನ್ನುತ್ತದೆ, ಕಂದು ಲೇಪನ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅದರೊಂದಿಗೆ ಹಾಡೂ ಉದುರುತ್ತದೆ. ಇಂಥ ಟೇಪನ್ನು ಉಷ್ಣತೆ ಏರುಪೇರಾಗದ ಪ್ರಯೋಗಾಲಯದ ಓವನ್ನಿನಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಕಾಲಿಂಚಿನ ಟೇಪಿಗೆ ಎಂಟು ಗಂಟೆಯ ಆಸುಪಾಸು ಸಾಕು, ಎರಡಿಂಚಿನದಕ್ಕೆ ಇನ್ನೂ ಬಹಳ ಹೊತ್ತು ಬೇಕು. ನಿಧಾನವಾಗಿ ಆರಿಸಿ, ಕೆಲವು ವಾರಗಳೊಳಗೆ ನಕಲು ತೆಗೆಯಬೇಕು, ಏಕೆಂದರೆ ತೇವ ಮತ್ತೆ ಸೇರುತ್ತದೆ. ಆದರೆ 1950ರ ದಶಕದ, ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಟೇಪನ್ನು ಅಪ್ಪಿತಪ್ಪಿಯೂ ಕಾಯಿಸಬಾರದು, ಸೊಟ್ಟಗಾಗಿ ಹಾಳಾಗುತ್ತದೆ. ಸುರುಳಿಯನ್ನು ಬೆಳಕಿಗೆ ಹಿಡಿದರೆ ಅಸಿಟೇಟ್ ಮೂಲಕ ಬೆಳಕು ಹಾಯುತ್ತದೆ, ಆಮೇಲಿನ ಪಾಲಿಯೆಸ್ಟರ್ ಟೇಪಿನ ಮೂಲಕ ಹಾಯುವುದಿಲ್ಲ. ಹುಳಿ ವಿನೆಗರ್ ವಾಸನೆ ಬಂದರೂ ಅಸಿಟೇಟ್ ಎಂದೇ ತಿಳಿಯಿರಿ, ಮತ್ತು ಅದನ್ನು ಉಳಿದ ಸುರುಳಿಗಳಿಂದ ದೂರ ಇಡಿ.

ಇಲ್ಲಿಯವರಿಗೆ ಕೃತಿಯ ಮೇಲಿನ ಪ್ರೀತಿಯ ಜೊತೆಗೆ ಕಾನೂನಿನ ಒತ್ತಡವೂ ಇದೆ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ 50 ವರ್ಷ ಇದ್ದದ್ದು 2013ರಲ್ಲಿ 70ಕ್ಕೆ ಏರಿತು. ಆದರೆ 50 ವರ್ಷದೊಳಗೆ ಪ್ರಕಟವಾಗದ ಮುದ್ರಣಕ್ಕೆ ಈ ಹೆಚ್ಚುವರಿ ಅವಧಿ ಸಿಗುವುದಿಲ್ಲ. ಅದಕ್ಕೇ 2012ರ ಕೊನೆಗೆ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ 1962ರ ಅಪ್ರಕಟಿತ ಮುದ್ರಣಗಳು ಸುಮಾರು 100 ಪ್ರತಿಗಳಷ್ಟೇ ಹೊರಬಂದವು, 2013ರ ಡಿಸೆಂಬರಿನಲ್ಲಿ ಬೀಟಲ್ಸ್ ತಂಡದ 1963ರ 59 ತುಣುಕುಗಳು ಬಂದವು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮರು ವರ್ಷದ ಆರಂಭದಿಂದ 60 ವರ್ಷ. 1965ರಲ್ಲಿ ಬಂದ ಗ್ರಾಮಫೋನ್ ತಟ್ಟೆಯ ಹಕ್ಕಿಗೆ ಕೊನೆಯ ದಿನ 2025ರ ಡಿಸೆಂಬರ್ 31. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ಅದು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಗಾಗಿ ನಮಗೆ ಐವತ್ತಕ್ಕಿಂತ ಅರವತ್ತು ಮುಖ್ಯ ವರ್ಷ. ಪ್ರಕಟವೇ ಆಗದ ಮುದ್ರಣಕ್ಕಂತೂ ನಮ್ಮಲ್ಲಿ ಈ ಲೆಕ್ಕ ಶುರುವೇ ಆಗುವುದಿಲ್ಲ. ಹೊರಗೆ ತನ್ನಿ ಎಂದು ಯಾರಿಗೂ ಒತ್ತಾಯವಿಲ್ಲ. ಇದು ಬದಲಾಗಬೇಕು.

ನಮ್ಮ ಹಳೆಯ ಚಿತ್ರಗೀತೆಗಳ ಮೂಲ ಟೇಪು ಸಿಗದೆ ಇರಬಹುದು. ಬಹುಪಾಲು ಹಾಡುಗಳು ಮದರಾಸಿನ ಸ್ಟುಡಿಯೋಗಳಲ್ಲಿ, ವಾದ್ಯದವರೂ ಗಾಯಕರೂ ಒಟ್ಟಿಗೆ ನಿಂತು ಮುದ್ರಿಸಿದಂಥವು. ಕೊಳಲು, ವೀಣೆ, ತಬಲಾ ನುಡಿಸಿದವರು ಕಾಲ್‌ಶೀಟಿಗೆ ಬಂದು ಹೋದರು, ತಟ್ಟೆಯ ಮೇಲೆ ಅವರ ಹೆಸರಿಲ್ಲ. ಆದರೆ ತಟ್ಟೆಗಳು ಮನೆಮನೆಗಳಲ್ಲಿವೆ, ಅಲ್ಲಿಂದಲೇ ಶುರು ಮಾಡಬಹುದು. ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು, ಲಾಂಗ್‌ಪ್ಲೇ (ಎಲ್‌ಪಿ) ಮೋನೋ ತಟ್ಟೆಗೆ ಸುಮಾರು 25. ಎಲ್‌ಪಿ ಮುಳ್ಳನ್ನು 78ಕ್ಕೆ ಹಾಕಿದರೆ ಅದು ಗೀರಿನ ತಳಕ್ಕೆ ಇಳಿದು ಕೊಳೆಯನ್ನೇ ಓದುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್ಷು ಸಾಕು, ನಡುವಿನ ಲೇಬಲ್ ನೆನೆಯದಿರಲಿ. ಹಾಡನ್ನು ಕಂಪ್ಯೂಟರಿಗೆ 24 ಬಿಟ್, 96 ಕಿಲೋಹರ್ಟ್ಸಿನ ಗುಣಮಟ್ಟದಲ್ಲಿ ಹಿಡಿದು, ಏನೂ ತಿದ್ದದ ಮೂಲ ಫೈಲನ್ನು ಮೊದಲು ಎರಡು ಕಡೆ ಉಳಿಸಿ. ಸದ್ದು ತೆಗೆಯುವ ಸಾಫ್ಟ್‌ವೇರ್ ಆಮೇಲೆ. ಅದನ್ನು ಅತಿಯಾಗಿ ಬಳಸಿದರೆ ಸುಯ್ ಶಬ್ದದ ಜೊತೆಗೆ ಕೊಳಲಿನ ಉಸಿರೂ ತಂಬೂರಿಯ ಅನುರಣನವೂ ಹೋಗುತ್ತವೆ.

ಇನ್ನೊಂದು ತಪ್ಪು ಎಲ್ಲೆಡೆ ಕಿವಿಗೆ ಬೀಳುತ್ತದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ, ನಮ್ಮ ಟಿ.ವಿ.ಯ ಪಾಲ್ ಎಂಬ ವಿಡಿಯೋ ಪದ್ಧತಿಯಲ್ಲಿ 25. ಹಾಗೇ ಓಡಿಸಿದ ವಿಡಿಯೋದಿಂದ ತೆಗೆದ ಹಾಡು ಶೇಕಡಾ 4ರಷ್ಟು ವೇಗವಾಗುತ್ತದೆ, ಶ್ರುತಿ ಅರ್ಧ ಸ್ವರದ ಮುಕ್ಕಾಲು ಭಾಗದಷ್ಟು ಏರುತ್ತದೆ. ರಾಜ್‌ಕುಮಾರ್ ಅವರ ದನಿಯ ಗಾಂಭೀರ್ಯ ಅಷ್ಟರಲ್ಲೇ ತೆಳುವಾಗುತ್ತದೆ. ತಟ್ಟೆಯ ಹಾಡಿನ ಪಕ್ಕ ಇಟ್ಟು ಕೇಳಿದರೆ ಹಾರ್ಮೋನಿಯಂ ಇರುವ ಯಾರಿಗಾದರೂ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿಯದೆಲ್ಲ ಸರಿ ಎನ್ನಲಾರೆ. ಅದೇ ಆಲ್ಬಮ್ಮನ್ನು ನಲವತ್ತಕ್ಕೊಮ್ಮೆ, ಐವತ್ತಕ್ಕೊಮ್ಮೆ ಪೆಟ್ಟಿಗೆ ಬದಲಿಸಿ ದುಬಾರಿ ಬೆಲೆಗೆ ಮಾರುವುದು ಅಭಿಮಾನಿಗಳಿಗೆ ಮಾಡುವ ಅನ್ಯಾಯ. ನಮ್ಮ ಸಮಾರಂಭಗಳಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತು ಹಾಡಿಗೆ ದನಿಗೂಡಿಸುವುದು ದೊಡ್ಡ ಸೊತ್ತು, ಅದನ್ನು ಬಿಡಬೇಕಿಲ್ಲ. ಆದರೆ ಸಮಾರಂಭವನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವ ನೋಡಿ. ಮೂಲ ಉತ್ಸವ ನಡೆದದ್ದು 1969ರ ಆಗಸ್ಟ್ 15ರಿಂದ 18ರವರೆಗೆ; ಮೊದಲ ರಾತ್ರಿ ರವಿಶಂಕರ್ ಮಳೆಯಲ್ಲೇ ಸಿತಾರ್ ನುಡಿಸಿದರು. ಐವತ್ತನೆಯ ವರ್ಷದ ಉತ್ಸವಕ್ಕೆ ಹೂಡಿಕೆದಾರರು ಕೈಕೊಟ್ಟರು, ಅನುಮತಿ ಸಿಗಲಿಲ್ಲ, ಜಾಗ ಬದಲಾಯಿತು, 2019ರ ಜುಲೈ ಕೊನೆಗೆ ರದ್ದಾಯಿತು. ಅದೇ ಬೇಸಿಗೆಯಲ್ಲಿ ಹಳೆಯ ಟೇಪುಗಳ ಮೇಲೆ ಕೂತವರ ಕೆಲಸ ಪೂರ್ತಿಯಾಯಿತು: ಬಹುತೇಕ ಇಡೀ ಉತ್ಸವ, ನಡೆದ ಕ್ರಮದಲ್ಲೇ, 38 ಸಿ.ಡಿ.ಗಳಲ್ಲಿ, 1,969 ಪ್ರತಿ.

ಫಲಕದ ವಿಷಯದಲ್ಲೂ ಒಂದು ಮಾತು. ಲಂಡನ್ನಿನಲ್ಲಿ ಹೆಸರಾಂತರು ಬಾಳಿದ ಮನೆಯ ಗೋಡೆಗೆ ಹಾಕುವ ನೀಲಿ ಫಲಕ ಸಿಗಬೇಕಾದರೆ ವ್ಯಕ್ತಿ ತೀರಿಕೊಂಡು 20 ವರ್ಷ ಆಗಿರಬೇಕು, ಅವರು ಬಾಳಿದ ಕಟ್ಟಡ ಉಳಿದಿರಬೇಕು. 1991ರಲ್ಲಿ ತೀರಿಕೊಂಡ, ಕ್ವೀನ್ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ಫೆಲ್ಟಮ್‌ನ ಮನೆಯಲ್ಲಿ ಫಲಕ ಬಂದದ್ದು 2016ರಲ್ಲಿ. 495 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ದಪ್ಪದ ಪಿಂಗಾಣಿ ಬಿಲ್ಲೆ ಅದು. ಅದರ ಬಿಳಿ ಅಕ್ಷರಗಳನ್ನು ತೆಳು ಮಣ್ಣಿನಿಂದ, ಜಹಾಂಗೀರ್ ಬಿಡುವ ಹಾಗೆ, ಕೈಯಲ್ಲೇ ಎಳೆಯುತ್ತಾರೆ. ಬಿಲ್ಲೆಯನ್ನು ಗೋಡೆಯೊಳಗೆ ಕೂರಿಸುವುದರಿಂದ ಮೊಳೆ ತುಕ್ಕು ಹಿಡಿದು ಕಳಚುವ ಭಯವಿಲ್ಲ. ನಮ್ಮಲ್ಲಿ ವೃತ್ತಕ್ಕೆ ಹೆಸರಿಡುವ ಆತುರಕ್ಕಿಂತ, ಹಾಡು ಮುದ್ರಣವಾದ ಕಟ್ಟಡ ಗುರುತಿಸುವ ತಾಳ್ಮೆ ಬರಲಿ.

ಬೆಂಗಳೂರಿಗೆ ತನ್ನದೇ ರಾಕ್ ದಿನಾಂಕಗಳಿವೆ. ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ನುಡಿಸಿದ್ದು 2007ರ ಮಾರ್ಚ್ 17ರಂದು, ಅಮೆರಿಕದ ಮೆಟಾಲಿಕಾ ತಂಡ 2011ರ ಅಕ್ಟೋಬರ್ 30ರಂದು. 2027ಕ್ಕೆ ಮೊದಲನೆಯದಕ್ಕೆ ಇಪ್ಪತ್ತು. ಅಂದು ಹೋದವರ ಬಳಿ ಇರುವ ವಸ್ತುಗಳಿಗೆ ಆಯುಸ್ಸು ಕಡಿಮೆ. ಟಿಕೆಟ್ಟು ಬಿಸಿಯಿಂದ ಅಚ್ಚಾಗುವ ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸುತ್ತಿರುತ್ತದೆ: ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಗೆ ಪೂರ್ತಿ ಕಪ್ಪಾಗುತ್ತದೆ, 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿ ಕತ್ತಲಲ್ಲಿ ಇಡಿ. ಹಳೆಯ ಫೋನಿನ 3ಜಿಪಿ ವಿಡಿಯೋ ಇದ್ದರೆ ಎಂಪಿ4ಗೆ ಬದಲಿಸಿ ಮೂಲ ಅಳಿಸಬೇಡಿ. ಹಳೆಯ ವಿಡಿಯೋ ಕ್ಯಾಮೆರಾದ ಮಿನಿ ಡಿವಿ ಕ್ಯಾಸೆಟ್ಟಿದ್ದರೆ, ಅದನ್ನು ಇಳಿಸಿಕೊಳ್ಳಲು ಫೈರ್‌ವೈರ್ ಎಂಬ ಕಿಂಡಿಯಿರುವ ಹಳೆಯ ಕಂಪ್ಯೂಟರು ಹುಡುಕಿ; ಒಂದು ಗಂಟೆಯ ಕ್ಯಾಸೆಟ್ಟು ಇಳಿಯಲು ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗ ಬೇಕು. ಫೈಲಿನ ಹೆಸರಿನಲ್ಲಿ ದಿನಾಂಕ, ಮೈದಾನದಲ್ಲಿ ನಿಂತಿದ್ದ ಜಾಗ, ಚಿತ್ರಿಸಿದವರ ಹೆಸರು ಇರಲಿ.