"ಬಂದಲಿಲ್ಲ" ಅಂತ ಯಾವ ಮಗುವೂ ಹೇಳಲ್ಲ

ಮೊನ್ನೆ 6ನೇ ಕ್ಲಾಸಿನ ನೋಟ್ಸ್ ತಿದ್ದುತ್ತಾ ಕೂತಿದ್ದೆ. ಹನ್ನೊಂದು ಪುಸ್ತಕದಲ್ಲಿ ಒಂದೇ ತಪ್ಪು. "ಹಿ ಡಿಡ್ ನಾಟ್ ಕೇಮ್." ಕೇಮ್ ಹೊಡೆದು ಕಮ್, ಕೇಮ್ ಹೊಡೆದು ಕಮ್, ಕೆಂಪು ಪೆನ್ ಹಿಡಿದ ಕೈ ಸೋತು ಹೋಯಿತು. ಹಿಂದಿನ ವಾರವೇ ಈ ಪಾಠ ಮಾಡಿದ್ದೆ. "ಡಿಡ್ ಬಂದರೆ ಮುಂದೆ ಕ್ರಿಯಾಪದದ ಮೊದಲ ರೂಪ" ಅಂತ ಬೋರ್ಡ್ ಮೇಲೆ ಬರೆದು ಎಲ್ಲರ ಕೈಲೂ ಮೂರು ಸಲ ಹೇಳಿಸಿದ್ದೆ. ನಿಯಮ ಬಾಯಿಗೆ ಬಂದಿತ್ತು, ಪುಸ್ತಕಕ್ಕೆ ಇಳಿದಿರಲಿಲ್ಲ.

ಮಾರನೇ ದಿನ ಇಂಗ್ಲಿಷ್ ಪುಸ್ತಕ ತೆಗೆಯೋದು ಬೇಡ ಅಂದೆ. "ನಿನ್ನೆ ಅವನು ಶಾಲೆಗೆ ಬಂದ. ಇದನ್ನ ಇಲ್ಲ ಅಂತ ಹೇಳಿ ನೋಡೋಣ" ಅಂತ ಕೇಳಿದೆ. "ಬರಲಿಲ್ಲ ಮಿಸ್" ಅಂತ ಇಡೀ ಕ್ಲಾಸು ಕೂಗಿತು. "ಬಂದಲಿಲ್ಲ ಅಂತ ಯಾಕೆ ಹೇಳಲಿಲ್ಲ?" ಅಂದೆ. ಒಂದು ಕ್ಷಣ ಸುಮ್ಮನಾದರು. ಆಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು, "ಹಂಗೆ ಹೇಳಕ್ಕೆ ಆಗಲ್ಲ ಮಿಸ್, ಇಲ್ಲ ಬಂದ್ಮೇಲೆ ಬಂದ ಹೋಗ್ಬಿಡುತ್ತೆ" ಅಂದ.

ನೋಡಿ, ಒಂದು ವಾರ ನಾನು ಹೇಳಿ ಹೇಳಿ ತಲೆಗೆ ಹೋಗದ ನಿಯಮವನ್ನು ಆ ಹುಡುಗ ಒಂದೇ ಮಾತಲ್ಲಿ ಹೇಳಿಬಿಟ್ಟ.

ಬೋರ್ಡ್ ಮೇಲೆ ಎರಡು ಸಾಲು ಬರೆದೆ. ಬಂದ, ಬರಲಿಲ್ಲ. ಕೇಮ್, ಡಿಡ್ ನಾಟ್ ಕಮ್. "ಬಂದ" ಅನ್ನೋದರಲ್ಲಿ ನಿನ್ನೆಯ ಕಾಲ ಕೂತಿದೆ. "ಇಲ್ಲ" ಬಂದ ಕೂಡಲೇ ಅದು ಜಾಗ ಬಿಡುತ್ತೆ, "ಬರಲು" ಅಷ್ಟೇ ಉಳಿಯುತ್ತೆ. ಇಂಗ್ಲಿಷಿನಲ್ಲೂ ಡಿಡ್ ಬಂದು ಕಾಲವನ್ನು ತಾನು ಹೊತ್ತುಕೊಳ್ಳುತ್ತೆ, ಕಮ್ ಹಗುರವಾಗಿ ನಿಲ್ಲುತ್ತೆ. ಇನ್ನೂ ಒಂದು ಇದೆ. ನಾನು ಬರಲಿಲ್ಲ, ನೀನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. ಯಾರಾದರೂ ಒಂದೇ. ಡಿಡ್ ನಾಟ್ ಕಮ್ ಕೂಡ ಹಾಗೇ ಅಲ್ವಾ? ಅವತ್ತು ಮಧ್ಯಾಹ್ನ ಮತ್ತೆ ಅದೇ ಅಭ್ಯಾಸ ಕೊಟ್ಟೆ. ಕೇಮ್ ಬರೆದವರು ಇಬ್ಬರೇ.

ಈ ಡಿಡ್ ಥರ ಮುಖ್ಯ ಕ್ರಿಯಾಪದಕ್ಕೆ ನೆರವಾಗುವ ಪದಗಳೇ ಹೆಲ್ಪಿಂಗ್ ವರ್ಬ್. ಆ ಪಾಠ ಅಂದ್ರೆ ನಾವು ಜಾಸ್ತಿ ಜನ ಗೋಡೆಯ ಚಾರ್ಟಿಂದ ಶುರು ಮಾಡ್ತೀವಿ. ಆಮ್, ಈಸ್, ಆರ್, ವಾಸ್, ವರ್ ಅಂತ ಹಿಡಿದು ಮಸ್ಟ್, ಕ್ಯಾನ್, ಕುಡ್ ತನಕ 23 ಪದ. ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸ್ತಾರೆ. ನಾನೂ ವರ್ಷಗಟ್ಟಲೆ ಒಪ್ಪಿಸಿಕೊಂಡಿದ್ದೇನೆ. 23 ಪದ ತಪ್ಪಿಲ್ಲದೆ ಹೇಳಿದ ಮಗು ಮರುಕ್ಷಣ "ಮೈ ಫಾದರ್ ಗೋಯಿಂಗ್ ಫೀಲ್ಡ್" ಅಂತ ಬರೆಯುತ್ತೆ. ಪಟ್ಟಿ ಗೊತ್ತಿದ್ದರೆ ಸಾಲದು, ಆ ಪದ ಅಲ್ಲಿ ಏನು ಕೆಲಸ ಮಾಡ್ತಿದೆ ಅನ್ನೋದು ಮಗುವಿಗೆ ಕಾಣಬೇಕು. ಅದು ಕಾಣೋದು ಮೊದಲು ಕನ್ನಡದಲ್ಲಿ. ಇದು ನನ್ನ ಗಟ್ಟಿ ಅಭಿಪ್ರಾಯ.

"ಬರೆಯುತ್ತಿದ್ದಾನೆ" ಅಂತ ಪುಸ್ತಕದಲ್ಲಿ ಒಂದೇ ಪದವಾಗಿ ಅಂಟಿಕೊಂಡಿರುತ್ತೆ. ಮಾತಲ್ಲಿ ಹಾಗಿಲ್ಲ. "ಏನ್ ಮಾಡ್ತಾ ಇದಾನೆ?" "ಬರೀತಾ ಇದಾನೆ." ಎರಡು ತುಂಡು ಬೇರೆ ಬೇರೆಯಾಗಿ ಕೇಳಿಸುತ್ತೆ. ಬರೀತಾ ಅಂದ್ರೆ ರೈಟಿಂಗ್, ಇದಾನೆ ಅಂದ್ರೆ ಈಸ್. ಬರೀತಾ ಇದೀನಿ, ಬರೀತಾ ಇದೀಯ, ಬರೀತಾ ಇದಾಳೆ, ಬರೀತಾ ಇದಾರೆ. ಬರೀತಾ ಅಲುಗಾಡಲ್ಲ, ಬದಲಾಗೋದು ಅದರ ಆಮೇಲೆ ಬರೋ ತುಂಡು ಮಾತ್ರ. ನಿನ್ನೆಯ ಮಾತಾದರೆ ಬರೀತಾ ಇದ್ದ. ಆಗಲೂ ಬರೀತಾ ಹಾಗೇ ಇದೆ. ಇದನ್ನು ಮಕ್ಕಳೇ ಕಂಡುಕೊಂಡ ಮೇಲೆ "ನಮ್ಮಲ್ಲಿ ಇಷ್ಟೊಂದು ಇವೆ, ಇಂಗ್ಲಿಷಿನಲ್ಲಿ ಆಮ್, ಈಸ್, ಆರ್ ಮೂರೇ" ಅಂದೆ. ಅವರ ಮುಖ ನೀವು ನೋಡಬೇಕಿತ್ತು. ಕಷ್ಟದ ಭಾಷೆ ನಮಗಾಗಲೇ ಬರುತ್ತೆ ಅನ್ನೋ ಖುಷಿ!

ಇನ್ನು ಡು. ಒಬ್ಬ ಹುಡುಗಿ ಕೇಳಿದಳು, "ಮಿಸ್, ಡು ಅಂದ್ರೆ ಮಾಡು. ಡು ಯು ಲೈಕ್ ಮ್ಯಾಂಗೋ ಅಂದ್ರೆ ಏನು ಮಾಡಬೇಕು?" ಎಷ್ಟು ಸರಿಯಾದ ಪ್ರಶ್ನೆ! ನಾವು "ಬರ್ತೀಯಾ?" ಅನ್ನುವಾಗ ಕೊನೆಯಲ್ಲಿ ಒಂದು "ಆ" ಎಳೀತೀವಿ, ಅದಕ್ಕೇನಾದರೂ ಬೇರೆ ಅರ್ಥ ಇದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಇಲ್ಲಿ ಡು ಕೂಡ ಅಷ್ಟೇ. ನಾವು ಪ್ರಶ್ನೆಯನ್ನು ಮಾತಿನ ಬಾಲಕ್ಕೆ ಕಟ್ತೀವಿ, ಇಂಗ್ಲಿಷಿನವರು ತಲೆಗೆ ಕಟ್ತಾರೆ. ಅವಳು ಎರಡು ಸಲ "ಬರ್ತೀಯಾ, ಡು ಯು ಕಮ್" ಅಂತ ತನಗೆ ತಾನೇ ಹೇಳಿಕೊಂಡು ಕೂತಳು.

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ 1ನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತೆ, 6ನೇ ಕ್ಲಾಸಿಗೆ ಬಂದ ಮೇಲೂ ಕನ್ನಡದ ಊರುಗೋಲು ಬೇಕಾ ಅಂತಾರೆ. ಕತೆ, ಹಾಡು, ಮಾತುಕತೆ ನಾನೂ ಇಂಗ್ಲಿಷಿನಲ್ಲೇ ಮಾಡಿಸ್ತೀನಿ. ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳಲೇಬೇಕು. ಆದರೆ ವ್ಯಾಕರಣದ ಆ ಹತ್ತು ನಿಮಿಷ ಬೇರೆ. ನಮ್ಮ ಹಳ್ಳಿಯ ಮಗುವಿಗೆ ಮನೆಯಲ್ಲಿ ಇಂಗ್ಲಿಷ್ ಕೇಳೋದಿಲ್ಲ. ಅದಕ್ಕೆ ಗಟ್ಟಿಯಾಗಿ ಬರೋದು ಒಂದೇ ಭಾಷೆ. ಅದನ್ನು ಚಪ್ಪಲಿ ಜೊತೆ ಬಾಗಿಲಾಚೆ ಬಿಟ್ಟು ಬಾ ಅಂದರೆ ಆ ಮಗು ಯಾವುದರ ಮೇಲೆ ನಿಲ್ಲಬೇಕು?

ಎಲ್ಲಾ ಕಡೆ ಈ ದಾರಿ ನಡೆಯಲ್ಲ, ಅದನ್ನೂ ಹೇಳಬೇಕು. "ಬಂದಿದ್ದಾನೆ" ಅನ್ನೋದರಲ್ಲೂ "ಇದ್ದಾನೆ" ಇದೆ. ಹಾಗಾಗಿ ಮಕ್ಕಳು "ಹಿ ಈಸ್ ಕಮ್" ಅಂತ ಬರೀತಾರೆ. ಅವರ ಲೆಕ್ಕ ಸರಿಯಾಗೇ ಇದೆ, ಆದರೆ ಇಂಗ್ಲಿಷ್ ಆ ಜಾಗದಲ್ಲಿ ಹ್ಯಾಸ್ ಕೇಳುತ್ತೆ. ನಮ್ಮಲ್ಲಿ ಹ್ಯಾವ್‌ಗೆ ಸರಿಹೊಂದುವ ಕ್ರಿಯಾಪದವೇ ಇಲ್ಲ. "ನನ್ನ ಹತ್ರ ಎರಡು ಪೆನ್ ಇದೆ" ಅಂತೀವಿ, ಅಲ್ಲೂ "ಇದೆ"ಯೇ. ಇದಕ್ಕೆ ಸದ್ಯ ನಾನು ಕನ್ನಡದ ವಾಕ್ಯ ಒಂದು ಕಡೆ, ಇಂಗ್ಲಿಷ್ ವಾಕ್ಯ ಒಂದು ಕಡೆ ಬರೆಸಿ, ದಾರಿ ಬೇರೆಯಾಗುವ ಜಾಗಕ್ಕೆ ಮಕ್ಕಳ ಕೈಲೇ ಸುತ್ತು ಹಾಕಿಸ್ತಿದ್ದೀನಿ. ಅರ್ಧ ಕ್ಲಾಸಿಗೆ ಹಿಡಿಸಿದೆ, ಅರ್ಧ ಕ್ಲಾಸಿಗೆ ಇನ್ನೂ ಇಲ್ಲ.

5ರಿಂದ 7ರ ತನಕ ಇಂಗ್ಲಿಷ್ ತಗೊಳ್ಳುವ ಮೇಷ್ಟ್ರುಗಳು, ಮೇಡಂಗಳು ಇದನ್ನು ಓದುವವರಲ್ಲಿ ತುಂಬಾ ಜನ ಇದ್ದೀರಿ. ಹ್ಯಾವ್, ಹ್ಯಾಸ್ ಪಾಠವನ್ನು ನೀವು ಹೇಗೆ ಮಾಡ್ತೀರಿ? ಮುಂದಿನ ವಾರ ನನಗೆ ಮತ್ತೆ ಅದೇ ಪಾಠ ಇದೆ.