ರೆಕಾರ್ಡರ್ ತಗೊಳ್ಳೋ ಮುಂಚೆ ಎಷ್ಟು ಜನ ಒಟ್ಟಿಗೆ ಹಾಡ್ತೀರಿ ಅಂತ ಎಣಿಸ್ಕೊಳ್ಳಿ

ಕಳೆದ ಒಂದು ತಿಂಗಳಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು, ಮನೇಲೇ ಹಾಡು ರೆಕಾರ್ಡ್ ಮಾಡೋಕೆ ಕಂಪ್ಯೂಟರ್ ಬೇಡದ ಮಲ್ಟಿಟ್ರ್ಯಾಕ್ ರೆಕಾರ್ಡರ್ ತಗೋಬೇಕು, ಯಾವುದು ತಗೊಳ್ಳಲಿ ಅಂತ. ಮೂರೂ ಜನ ಮೊದಲು ಹೇಳಿದ್ದು ಟ್ರ್ಯಾಕ್ ಲೆಕ್ಕ, ಅಂದ್ರೆ ಒಂದೊಂದು ದನಿಯನ್ನ ಬೇರೆ ಬೇರೆಯಾಗಿ ಇಡೋ ಜಾಗ ಎಷ್ಟಿದೆ ಅನ್ನೋದು. 8 ಟ್ರ್ಯಾಕ್ ಸಾಕಾ, 24 ಬೇಕಾ, 32 ಇರೋದು ಸಿಗತ್ತಂತಲ್ಲ. ನಾನೂ ಮೊದಲನೇ ಸಲ ಆ ಲೆಕ್ಕ ನೋಡಿಯೇ ತಗೊಂಡಿದ್ದು, ಅದಕ್ಕೆ ಇಷ್ಟು ಉದ್ದ ಬರೀತಿದೀನಿ.

ನಮ್ಮನೇಲಿ ರೆಕಾರ್ಡಿಂಗ್ ಶುರುವಾಗಿದ್ದು ಅಮ್ಮನಿಂದ. ಅಮ್ಮನಿಗೆ ಹಸೆ ಹಾಡು, ಆರತಿ ಹಾಡು, ಬೀಗರ ಹಾಡು ಎಲ್ಲ ಸೇರಿ ನೂರರ ಮೇಲೆ ಬಾಯಿಗೆ ಬರತ್ತೆ, ಒಂದೂ ಬರೆದಿಟ್ಟಿಲ್ಲ. ಮೊದಲು ಲ್ಯಾಪ್‌ಟಾಪ್‌ನಲ್ಲಿ ಮಾಡೋಕೆ ಹೋದೆ. ಲ್ಯಾಪ್‌ಟಾಪ್ ಆನ್ ಆಗಿ, ಸಾಫ್ಟ್‌ವೇರ್ ತೆರೆದು, ಮೈಕ್ ಯಾವ ಚಾನಲ್‌ಗೆ ಬಂತು ಅಂತ ಹುಡುಕೋ ಹೊತ್ತಿಗೆ ಅಮ್ಮನಿಗೆ ಹಾಡೋ ಮನಸ್ಸೇ ಹೋಗಿರ್ತಿತ್ತು. "ಆಯ್ತೇನೋ? ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಎದ್ದು ಹೋಗೋರು. ಒತ್ತಿದ ತಕ್ಷಣ ಹಾಡು ಹಿಡಿಯೋ ಪೆಟ್ಟಿಗೆ ಬೇಕು ಅನ್ನಿಸಿದ್ದು ಅವತ್ತು.

ಈ ಪೆಟ್ಟಿಗೆಗಳ ಹಿರಿಯಣ್ಣ ಅಂದ್ರೆ 1979ರಲ್ಲಿ ಟ್ಯಾಸ್ಕಾಮ್ ಕಂಪನಿ ತಂದ ಪೋರ್ಟಾಸ್ಟುಡಿಯೋ 144, ಮಾಮೂಲಿ ಕ್ಯಾಸೆಟ್ ಮೇಲೆ 4 ಟ್ರ್ಯಾಕ್. ಮೂರು ಟ್ರ್ಯಾಕ್ ತುಂಬಿಸಿ, ಆ ಮೂರನ್ನೂ ಸೇರಿಸಿ ನಾಲ್ಕನೇದಕ್ಕೆ ಇಳಿಸಿ, ಖಾಲಿಯಾದ ಮೂರರ ಮೇಲೆ ಮತ್ತೆ ಹಾಡೋರು. ಅಂಥ ಕಾಲದಲ್ಲಿ ಟ್ರ್ಯಾಕ್ ಎಷ್ಟು ಅನ್ನೋದೇ ಮುಖ್ಯ ಪ್ರಶ್ನೆ, ಅದು ಸರಿ. ಈಗ ಎಸ್‌ಡಿ ಕಾರ್ಡ್ ಬಂದ ಮೇಲೂ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕೋದು ಅದನ್ನೇ. ಕೆಳಗೆ ಸಣ್ಣದಾಗಿ ಇನ್ನೊಂದು ಸಂಖ್ಯೆ ಇರತ್ತೆ, ಒಮ್ಮೆಗೆ ಎಷ್ಟು ಟ್ರ್ಯಾಕ್ ರೆಕಾರ್ಡ್ ಮಾಡಬಹುದು ಅಂತ. ನೋಡಬೇಕಾಗಿರೋದು ಅದು.

ಟ್ಯಾಸ್ಕಾಮ್ ಡಿಪಿ-03ಎಸ್‌ಡಿ, ಡಿಪಿ-008ಇಎಕ್ಸ್ ಎರಡೂ 8 ಟ್ರ್ಯಾಕಿನವು, ಜೂಮ್ ಕಂಪನಿಯ ಆರ್8 ಕೂಡ 8 ಟ್ರ್ಯಾಕಿಂದೇ, ಆದ್ರೆ ಮೂರರಲ್ಲೂ ಒಮ್ಮೆಗೆ ಹಿಡಿಯೋದು 2 ಮಾತ್ರ. ಜೂಮ್ ಆರ್16, ಆರ್24, ಆರ್20, ಟ್ಯಾಸ್ಕಾಮ್ ಡಿಪಿ-24ಎಸ್‌ಡಿ, ಡಿಪಿ-32ಎಸ್‌ಡಿ ಇವೆಲ್ಲ ಒಮ್ಮೆಗೆ 8 ಹಿಡೀತವೆ. 16 ಟ್ರ್ಯಾಕಿನ ಆರ್16ಗೂ 32 ಟ್ರ್ಯಾಕಿನ ಡಿಪಿ-32ಗೂ ಈ ವಿಷಯದಲ್ಲಿ ಯಾವ ವ್ಯತ್ಯಾಸವೂ ಇಲ್ಲ ನೋಡಿ. ನೀವು ಒಬ್ರೇ ಕೂತು ಮೊದಲು ಗಿಟಾರ್, ಆಮೇಲೆ ಹಾಡು, ಅದರ ಮೇಲೆ ಕೊಳಲು ಅಂತ ಒಂದೊಂದಾಗಿ ಸೇರಿಸೋರಾದ್ರೆ ಒಮ್ಮೆಗೆ ಹಿಡಿಯೋ 2 ಇನ್‌ಪುಟ್, ಅಂದ್ರೆ ಮೈಕ್ ಅಥವಾ ವಾದ್ಯ ಚುಚ್ಚೋ ಜಾಗ, ಧಾರಾಳ ಸಾಕು, ಸುಮ್ನೆ ದುಡ್ಡು ಹಾಕ್ಬೇಡಿ. ನಾಲ್ಕು ಜನ ಕೂತು ಹಾಡೋರಾದ್ರೆ ಲೆಕ್ಕ ಬೇರೆ.

ನನಗೆ ಆಗಿದ್ದೇ ಅದು. ಮೊದಲು ತಗೊಂಡಿದ್ದು 2 ಇನ್‌ಪುಟ್‌ನದು, ಅಮ್ಮನ ಹಾಡಿಗೆ ಚಿನ್ನದಂಥ ಪೆಟ್ಟಿಗೆ, ಸುಮಾರು ನಲವತ್ತು ಹಾಡು ಅದರಲ್ಲೇ ಹಿಡಿದೆ. ಆಮೇಲೆ ನಮ್ಮ ಶನಿವಾರದ ಭಜನೆ ರೆಕಾರ್ಡ್ ಮಾಡೋಣ ಅಂತ ಹೊರಟಾಗ ಕಷ್ಟ ಗೊತ್ತಾಯ್ತು. ಹಾಡೋರಿಗೆ ಒಂದು ಮೈಕ್, ಹಾರ್ಮೋನಿಯಂಗೆ ಒಂದು, ತಬಲಾಗೆ ಒಂದು ಡಗ್ಗಾಗೆ ಒಂದು, ಹಿಂದೆ ಹೇಳೋ ಗುಂಪಿಗೆ ತಾಳದ ಸಮೇತ ಎರಡು, ಒಟ್ಟು ಆರು. ಎರಡು ಮೈಕ್ ಮಧ್ಯ ಇಟ್ಟು ಮಾಡಿದ್ರೆ ತಾಳದ ಸದ್ದೇ ಎಲ್ಲರ ಮೇಲೂ ಏರಿ ಕೂತಿತ್ತು, ಆಮೇಲೆ ಏನು ಮಾಡಿದ್ರೂ ಅದನ್ನ ಇಳಿಸೋಕೆ ಬರಲಿಲ್ಲ ಯಾಕಂದ್ರೆ ಹಾಡು ತಾಳ ಎರಡೂ ಒಂದೇ ಟ್ರ್ಯಾಕಲ್ಲಿ ಬೆರೆತು ಹೋಗಿತ್ತು.

ಒಬ್ಬೊಬ್ಬರನ್ನೇ ಕೂರಿಸಿ ಬೇರೆ ಬೇರೆ ರೆಕಾರ್ಡ್ ಮಾಡಿ ಅಂತ ಒಬ್ಬ ಸ್ನೇಹಿತರು ಹೇಳಿದ್ರು, ಅದನ್ನೂ ಮಾಡಿ ನೋಡಿದ್ವಿ. ಆಗಲ್ಲ. ಭಜನೆ ಅಂದ್ರೆ ನಿಧಾನಕ್ಕೆ ಶುರುವಾಗಿ, ಹೇಳೋರ ಹುರುಪು ನೋಡ್ಕೊಂಡು ತಬಲಾ ಲಯ ಏರಿಸಿ, ಕೊನೆಗೆ ಎಲ್ಲರೂ ಒಟ್ಟಿಗೆ ಮೇಲಕ್ಕೆ ಹೋಗೋದು. ಲಯ ತೋರಿಸೋ ಮೆಟ್ರೋನೋಮ್‌ನ ಟಿಕ್ ಟಿಕ್ ಕಿವಿಗೆ ಹಾಕ್ಕೊಂಡು ಮಾಡಿದ್ರೆ ಆ ಏರಿಕೆಯೇ ಇರಲ್ಲ. ನಮ್ಮ ಸಂಗೀತದಲ್ಲಿ ಮುಖ ಮುಖ ನೋಡ್ಕೊಂಡು ನುಡಿಸೋದು ಬಹಳ ಇದೆ, ಹಾಗಾಗಿ ಹಾಡುಗಾರಿಕೆ ಗುಂಪಿನೋರು, ಭಜನಾ ಮಂಡಳಿಯೋರು, ಸುಗಮ ಸಂಗೀತದೋರು ಕಡಿಮೆ ಟ್ರ್ಯಾಕ್ ಇದ್ರೂ ಪರವಾಗಿಲ್ಲ, ಹೆಚ್ಚು ಇನ್‌ಪುಟ್ ಇರೋದೇ ತಗೊಳ್ಳಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ನಾನು ಸೆಕೆಂಡ್ ಹ್ಯಾಂಡ್ ಜೂಮ್ ಆರ್16 ತಗೊಂಡೆ. ಹಳೇ ಮಾಡೆಲ್, ಹೊಸದಾಗಿ ತಯಾರಾಗಲ್ಲ ಈಗ. ಆದ್ರೂ ಅದೇ ಯಾಕೆ ಅಂದ್ರೆ 8 ಇನ್‌ಪುಟ್ ಜೊತೆಗೆ 6 ಪೆನ್ಸಿಲ್ ಸೆಲ್ ಮೇಲೂ ಓಡತ್ತೆ. ಮಲೆನಾಡಲ್ಲಿ ಇರೋರಿಗೆ ಇದರ ಬೆಲೆ ಗೊತ್ತು, ಜೂನ್ ಬಂತು ಅಂದ್ರೆ ಕರೆಂಟ್ ಯಾವಾಗ ಇರತ್ತೆ ಯಾವಾಗ ಹೋಗತ್ತೆ ಅಂತ ಹೇಳೋಕೇ ಬರಲ್ಲ. ಹಳೇ ಪೆಟ್ಟಿಗೇಲಿ ಅಮ್ಮನ ಒಂದು ಉದ್ದದ ಹಸೆ ಹಾಡು ಇನ್ನೇನು ಮುಗೀತು ಅನ್ನೋವಾಗ ಕರೆಂಟ್ ಹೋಗಿ, ಸೇವ್ ಆಗದೆ ಪೂರ್ತಿ ಹಾಡು ಹೋಯ್ತು. ಅಮ್ಮ ಏನೂ ಬೇಜಾರು ಮಾಡ್ಕೊಳ್ಳದೆ ಮಾರನೇ ದಿನ ಮತ್ತೆ ಹಾಡಿದ್ರು, ಆದ್ರೆ ಎರಡು ನುಡಿ ನೆನಪಿಗೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಸೆಲ್ ಹಾಕೋಕೆ ಬರೋ ಮಾಡೆಲ್ ಅಲ್ಲದಿದ್ರೆ ಒಂದು ಸಣ್ಣ ಯುಪಿಎಸ್ ಆದ್ರೂ ಇಟ್ಕೊಳ್ಳಿ.

ಆರ್16ನಲ್ಲಿ ಒಂದು ಕೊರತೆ ಇದೆ. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಪೆಟ್ಟಿಗೆಯೇ ಮೈಕ್‌ಗೆ ಕೊಡೋ ಕರೆಂಟ್) 8 ಇನ್‌ಪುಟ್‌ನಲ್ಲಿ ಎರಡಕ್ಕೆ ಮಾತ್ರ ಬರತ್ತೆ. ನಾನು ಆ ಎರಡನ್ನ ಹಾಡೋರಿಗೆ ಒಂದು, ಹಾರ್ಮೋನಿಯಂಗೆ ಒಂದು ಕೊಟ್ಟು, ಉಳಿದ ಕಡೆ ಆ ಕರೆಂಟ್ ಬೇಡದ ಡೈನಾಮಿಕ್ ಮೈಕ್ ಹಾಕ್ತೀನಿ. ನಿಮ್ಮ ಹತ್ರ ಇರೋ ಮೈಕ್‌ಗಳು ಎಲ್ಲ ಕಂಡೆನ್ಸರೇ ಆಗಿದ್ರೆ ಇದನ್ನ ಮೊದಲೇ ನೋಡ್ಕೊಳ್ಳಿ. ಮೆತ್ತಗೆ ಹಾಡೋರಿಗೆ ಡೈನಾಮಿಕ್ ಮೈಕ್ ದೂರ ಇಟ್ಟು ಗೇನ್ (ಮೈಕ್ ದನಿ ಹಿಗ್ಗಿಸೋ ಮಟ್ಟ) ಏರಿಸಿದ್ರೆ ಹಿಂದಿನಿಂದ ಸ್‌ಸ್‌ಸ್ ಅಂತ ಬರತ್ತೆ, ಹತ್ತಿರ ಇಡಿ.

ಕಾರ್ಡ್ ಬಗ್ಗೆ ಹೆಚ್ಚು ತಲೆ ಕೆಡಿಸ್ಕೊಳ್ಳೋದು ಬೇಡ. 24 ಬಿಟ್, 44.1 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8 ಎಂಬಿ, ನಮ್ಮ 6 ಮೈಕ್‌ನ 2 ಗಂಟೆ ಭಜನೆಗೆ 5.7 ಜಿಬಿ ಹತ್ರ ಆಗತ್ತೆ. ಹಳೇ ಮಾಡೆಲ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡ್ ತಗೊಳ್ಳಲ್ಲ, 128 ಜಿಬಿದು ತಂದು ಪರದಾಡಬೇಡಿ. ಇನ್ನೊಂದು, ಜೂಮ್ ಆರ್ ಸರಣೀಲಿ ಕಾರ್ಡ್ ತೆಗೆದು ಕಂಪ್ಯೂಟರ್‌ಗೆ ಹಾಕಿದ್ರೆ ವೇವ್ (WAV) ಆಡಿಯೋ ಫೈಲ್ ನೇರವಾಗಿ ಕಾಣತ್ತೆ, ಟ್ಯಾಸ್ಕಾಮ್ ಡಿಪಿ-03ಎಸ್‌ಡಿ, ಡಿಪಿ-008ಇಎಕ್ಸ್ ಥರದ್ದರಲ್ಲಿ ಮೊದಲು ಪೆಟ್ಟಿಗೆಯೊಳಗೇ ಎಕ್ಸ್‌ಪೋರ್ಟ್ ಮಾಡ್ಬೇಕು, ಇಲ್ಲಾಂದ್ರೆ ಕಂಪ್ಯೂಟರ್‌ಗೆ ಹಾಡೇ ಕಾಣಲ್ಲ. ಗಾಬರಿ ಆಗ್ಬೇಡಿ, ಹಾಡು ಒಳಗೇ ಇರತ್ತೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಫೋಟೋ ನೋಡಿ ದುಡ್ಡು ಕಳಿಸ್ಬೇಡಿ, ದಯವಿಟ್ಟು. ಒಂದು ಮೈಕ್, ಒಂದು ಕೇಬಲ್, ಹೆಡ್‌ಫೋನ್ ತಗೊಂಡು ಖುದ್ದಾಗಿ ಹೋಗಿ. ಪ್ರತಿ ಇನ್‌ಪುಟ್‌ಗೂ ಮೈಕ್ ಹಾಕಿ ಮಾತಾಡಿ ನೋಡಿ, ಪ್ರತಿ ಫೇಡರ್ (ದನಿ ಏರಿಸಿ ಇಳಿಸೋ ಜಾರುಗುಂಡಿ) ಮೇಲೆ ಕೆಳಗೆ ಎಳೆದು ಕರಕರ ಬರತ್ತಾ ಕೇಳಿ, ಒಂದು ನಿಮಿಷ ರೆಕಾರ್ಡ್ ಮಾಡಿ ಆಫ್ ಮಾಡಿ ಮತ್ತೆ ಆನ್ ಮಾಡಿ ಇದೆಯಾ ನೋಡಿ. ಅಡಾಪ್ಟರ್ ಅದರದ್ದೇನಾ ಅಂತ ವಿಚಾರಿಸಿ, ವೋಲ್ಟೇಜ್ ಅಥವಾ ಪ್ಲಸ್ ಮೈನಸ್ ಬೇರೆ ಇರೋ ಅಡಾಪ್ಟರ್ ಚುಚ್ಚಿದ್ರೆ ಪೆಟ್ಟಿಗೆ ಸುಟ್ಟೇ ಹೋಗಬಹುದು.

ಮೈಕನ್ನ ಲ್ಯಾಪ್‌ಟಾಪ್‌ಗೆ ಸೇರಿಸೋ ಇಂಟರ್‌ಫೇಸ್ ಸಾಕಲ್ವಾ ಅಂತ ಕೇಳೋರು ಇದ್ದೇ ಇರ್ತಾರೆ. ಮಿಕ್ಸಿಂಗ್‌ಗೆ, ಅಂದ್ರೆ ಟ್ರ್ಯಾಕ್‌ಗಳನ್ನ ಹದವಾಗಿ ಬೆರೆಸೋಕೆ, ಖಂಡಿತ ಲ್ಯಾಪ್‌ಟಾಪೇ ಮೇಲು, ನಾನೂ ಫೈಲ್ ಅದಕ್ಕೇ ಹಾಕ್ಕೊಳ್ಳೋದು. ರೆಕಾರ್ಡರ್‌ನ ಎರಡಿಂಚಿನ ಪರದೇಲಿ ಕಣ್ಣು ಕಿರಿದು ಮಾಡ್ಕೊಂಡು ಎಡಿಟ್ ಮಾಡೋ ಸಹವಾಸ ಬೇಡ. ಆದ್ರೆ ಹಾಡು ಹಿಡಿಯೋ ಹೊತ್ತಲ್ಲಿ ಲ್ಯಾಪ್‌ಟಾಪ್ ಪರದೆ ಎದುರಿಗೆ ಇಲ್ಲದೇ ಇರೋದೇ ದೊಡ್ಡ ಉಪಕಾರ. ಹಾಡೋರು ಪರದೆ ಮೇಲೆ ದನಿಯ ಅಲೆಯ ಚಿತ್ರ ನೋಡ್ತಾ ಕೂರಲ್ಲ, ತಪ್ಪಿದ್ರೆ ಅಲ್ಲಿಂದ ಕತ್ತರಿಸೋಣ ಅನ್ನಲ್ಲ, ಪಲ್ಲವಿಯಿಂದ ಮತ್ತೆ ಪೂರ್ತಿ ಹಾಡ್ತಾರೆ. ಲ್ಯಾಪ್‌ಟಾಪ್ ಫ್ಯಾನಿನ ಗುಂಯ್ ಸದ್ದೂ ಇರಲ್ಲ. ನಮ್ಮನೆ ಹಂಚಿನ ಮಾಡಿನ ಮೇಲೆ ಮಳೆ ಬಿದ್ರೆ ಮಾತ್ರ ಯಾವ ಪೆಟ್ಟಿಗೆಯೂ ಏನೂ ಮಾಡೋಕಾಗಲ್ಲ, ಮಳೆ ಬಿಡೋವರೆಗೆ ಕಾಫಿ ಕುಡಿದು ಕಾಯ್ತೀವಿ.

ಸಾಗರ, ಸೊರಬ, ಹೊಸನಗರ ಕಡೆಯವರು ಯಾರಾದ್ರೂ ತಗೊಳ್ಳೋ ಮುಂಚೆ ಕೈಯಲ್ಲಿ ಮುಟ್ಟಿ ನೋಡ್ಬೇಕು ಅಂದ್ರೆ ಮೆಸೇಜ್ ಮಾಡಿ, ಶನಿವಾರ ಸಂಜೆ ಭಜನೆ ಹೊತ್ತಿಗೆ ಬನ್ನಿ. ಮೈಕ್ ಇದ್ರೆ ತನ್ನಿ, 8ರಲ್ಲಿ ಇನ್ನೂ 2 ಇನ್‌ಪುಟ್ ಖಾಲಿ ಇದೆ.