ಸತ್ಯಾಂಶ: ರಾಧಾಕೃಷ್ಣನ್ ಮೈಸೂರು ವಿವಿಯ ಕುಲಪತಿಯಾಗಿದ್ದರೇ?

ಸೆಪ್ಟೆಂಬರ್ ಬಂತೆಂದರೆ ಮೈಸೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: 'ಸರ್ವಪಲ್ಲಿ ರಾಧಾಕೃಷ್ಣನ್ ನಮ್ಮ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ.'

ಇದು ತಪ್ಪು. ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ರಾಧಾಕೃಷ್ಣನ್ ಬಂದದ್ದು 1918ರಲ್ಲಿ, ಮಹಾರಾಜ ಕಾಲೇಜಿಗೆ, ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ. 1921ರಲ್ಲಿ ಕಲ್ಕತ್ತಾಗೆ ಹೋದರು. ಅವರು ಕುಲಪತಿಯಾಗಿದ್ದು ಆಂಧ್ರ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ. ಆಮೇಲೆ ಸೋವಿಯತ್ ಒಕ್ಕೂಟಕ್ಕೆ ರಾಯಭಾರಿಯಾದರು.

ರಾಯಭಾರಿಯಾಗಿದ್ದವರೊಬ್ಬರು ಮೈಸೂರಿನ ಕುಲಪತಿಯಾದದ್ದು ಮಾತ್ರ ನಿಜ. ಅವರು ಕೆ.ಎಂ. ಪಣಿಕ್ಕರ್. ಚೀನಾ, ಈಜಿಪ್ಟ್, ಫ್ರಾನ್ಸ್‌ಗಳಲ್ಲಿ ಭಾರತದ ರಾಯಭಾರಿಯಾಗಿದ್ದ ಇತಿಹಾಸಕಾರ. 1963ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗಲೂ ಮೈಸೂರಿನ ಕುಲಪತಿ ಹುದ್ದೆಯಲ್ಲಿದ್ದರು. ಕನ್ನಡಿಗರಿಗೆ ಇವರ ಋಣ ಇನ್ನೂ ಜಾಸ್ತಿ. ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾಗಲಿ ಎಂದು ಶಿಫಾರಸು ಮಾಡಿದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಇವರೂ ಒಬ್ಬರು. ಇಂಥವರ ಹೆಸರು ಫಾರ್ವರ್ಡ್‌ಗಳಲ್ಲಿ ಎಲ್ಲೂ ಬರುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ರಾಧಾಕೃಷ್ಣನ್ ಅವರನ್ನು ಹೊಗಳಲು ಸುಮ್ನೆ ಇಲ್ಲದ ಹುದ್ದೆ ಕೊಡಬೇಕಿಲ್ಲ ಅಲ್ವಾ? 1948–49ರಲ್ಲಿ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ಕೆಲಸ ಮಾಡಿತು. ಮೇಷ್ಟ್ರುಗಳ ಸಂಬಳ ಸುಧಾರಿಸಬೇಕು, ಹಳ್ಳಿಗಾಡಿಗೂ ವಿಶ್ವವಿದ್ಯಾಲಯಗಳು ಬೇಕು, ಉನ್ನತ ಶಿಕ್ಷಣದಲ್ಲಿ ಇಂಗ್ಲಿಷಿನ ಜಾಗಕ್ಕೆ ಆದಷ್ಟು ಬೇಗ ಭಾರತದ ಭಾಷೆ ಬರಬೇಕು ಎಂದು ಅದು ಹೇಳಿತು. ಶಿಕ್ಷಕರ ದಿನ ಹಂಚಿಕೊಳ್ಳಲು ಈ ಮಾತುಗಳೇ ಇವೆ.